ಬೆಣ್ಣೆ ಡಬ್ಬಿ ಬಾರಿಸಿದ ಶಾಲೆ

ಕಳೆದ ವಾರ ತರಗತಿಯಲ್ಲಿ ಶಬ್ದದ ಪಾಠ ನಡೆದಿತ್ತು. ಪೊರೆ ಕಂಪಿಸಿದರೆ ಗಾಳಿ ಕಂಪಿಸುತ್ತದೆ, ಗಾಳಿ ಕಂಪಿಸಿದರೆ ಕಿವಿಯ ತಮಟೆ ಕಂಪಿಸುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಸಾರ್, ಬ್ರೆಜಿಲ್‌ನಲ್ಲಿ ಡ್ರಮ್ ಬಾರಿಸೋದಕ್ಕೇ ಸ್ಕೂಲ್ ಇದೆಯಂತೆ. ಅಲ್ಲಿ ಹೋಂವರ್ಕ್ ಇರುತ್ತಾ?" ತರಗತಿ ಗೊಳ್ಳೆಂದಿತು. ಟಿ.ವಿ.ಯಲ್ಲಿ ರಿಯೊ ಡಿ ಜನೈರೊ ನಗರದ ಕಾರ್ನಿವಲ್ ಮೆರವಣಿಗೆಯನ್ನು ತೋರಿಸಿದ್ದರಂತೆ, ಅದರಲ್ಲಿ 'ಸಾಂಬಾ ಸ್ಕೂಲ್' ಎಂಬ ಮಾತು ಬಂತಂತೆ. ಗಂಟೆ ಹೊಡೆದುಬಿಟ್ಟಿತಾದ್ದರಿಂದ ಅವನಿಗೆ ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ಸಾಂಬಾ ಸ್ಕೂಲಿನಲ್ಲಿ ಬೆಂಚಿಲ್ಲ, ಹಾಜರಿ ಪುಸ್ತಕವಿಲ್ಲ. ಅದೊಂದು ಬಡಾವಣೆಯ ಸಂಘ. ವರ್ಷವಿಡೀ ತಯಾರಿ ನಡೆಸಿ ಕಾರ್ನಿವಲ್ಲಿನ ಒಂದು ರಾತ್ರಿ ಸಾವಿರಾರು ಮಂದಿ ಒಟ್ಟಾಗಿ ಹಾಡುತ್ತ ಕುಣಿಯುತ್ತ ಬೀದಿಯಲ್ಲಿ ಸಾಗುವುದು ಅದರ ಕೆಲಸ. ಹಾಗಾದರೆ 'ಸ್ಕೂಲ್' ಎಂಬ ಹೆಸರೇಕೆ? 1928ರಲ್ಲಿ ರಿಯೊದ ಎಸ್ಟಾಸಿಯೊ ಎಂಬ ಬಡ ಬಡಾವಣೆಯ ತರುಣರು ಒಂದು ತಂಡ ಕಟ್ಟಿದರು. ಅದರ ಹೆಸರು 'ದೇಶಾ ಫಲಾರ್', ಅಂದರೆ 'ಮಾತಾಡಿಕೊಳ್ಳಲಿ ಬಿಡಿ'. ಹತ್ತಿರದಲ್ಲೇ ಶಿಕ್ಷಕರನ್ನು ತಯಾರು ಮಾಡುವ ತರಬೇತಿ ಶಾಲೆಯೊಂದಿತ್ತು. ಅಲ್ಲಿಂದ ಮೇಷ್ಟ್ರುಗಳು ಬರುತ್ತಾರಾದರೆ ಇಲ್ಲಿಂದ ಸಾಂಬಾ ಮೇಷ್ಟ್ರುಗಳು ಬರುತ್ತಾರೆ ಎಂಬ ತಮಾಷೆಯಿಂದ ಈ ಹೆಸರು ಅಂಟಿಕೊಂಡಿತೆಂದು ತಂಡದ ಗೀತಕಾರ ಇಸ್ಮಾಯೆಲ್ ಸಿಲ್ವ ಮುಂದೆ ಹೇಳಿದ್ದುಂಟು. ಬಿ.ಎಡ್. ಮುಗಿಸಿ ಬಂದ ನನ್ನಂಥವರಿಗೆ ಇದನ್ನು ಓದಿದಾಗ ಸ್ವಲ್ಪ ಖುಷಿಯೂ ಸ್ವಲ್ಪ ಸಂಕೋಚವೂ ಆಗುತ್ತದೆ.

ಆ ತರುಣರ ಮುಂದಿದ್ದದ್ದು ನಿಜವಾಗಿ ಒಂದು ಭೌತಶಾಸ್ತ್ರದ ಪ್ರಶ್ನೆ. ಅದುವರೆಗಿನ ಸಾಂಬಾ ಮನೆಯಂಗಳದಲ್ಲಿ, ಹಜಾರದಲ್ಲಿ ಕುಣಿಯುವುದಕ್ಕೆ ತಕ್ಕದ್ದು. ಬೀದಿಯಲ್ಲಿ ನೂರಾರು ಜನ ಅದಕ್ಕೆ ಹೆಜ್ಜೆಯಿಟ್ಟು ನಡೆಯಬೇಕಾದರೆ ಹಿಂದಿನ ಸಾಲಿನವನಿಗೂ ತಾಳ ಕೇಳಬೇಕು. ಕಿರುಸ್ವರಗಳನ್ನು ಜನರ ಮೈ, ಬಟ್ಟೆಬರೆಗಳೇ ಹೀರಿಬಿಡುತ್ತವೆ. ತಗ್ಗಿನ ಸ್ವರಗಳು ಹಾಗಲ್ಲ. ಸೆಕೆಂಡಿಗೆ 70 ಸಲ ಕಂಪಿಸುವ ಸ್ವರದ ತರಂಗಾಂತರ ಸುಮಾರು 5 ಮೀಟರ್. ಅಷ್ಟುದ್ದದ ಅಲೆಗೆ ನಡುವೆ ನಿಂತ ಮನುಷ್ಯ ದೊಡ್ಡ ಅಡ್ಡಿಯೇ ಅಲ್ಲ, ಬಳಸಿಕೊಂಡು ಹೋಗಿಬಿಡುತ್ತದೆ. ಎಸ್ಟಾಸಿಯೊದ ಬಿಡೆ ಎಂಬ ಅಡ್ಡಹೆಸರಿನ ಆಲ್ಸಿಬಿಯಾಡೆಸ್ ಬಾರ್ಸೆಲೊಸ್ ಇದನ್ನು ಯಾವ ಪುಸ್ತಕದಲ್ಲೂ ಓದಿದವನಲ್ಲ, ಬೂಟು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವ. 20 ಕಿಲೊ ಹಿಡಿಯುವ ಖಾಲಿ ಬೆಣ್ಣೆ ಡಬ್ಬಿಯೊಂದನ್ನು ತಂದು ಅದರ ಬಾಯಿಗೆ ಹೊದಿಕೆ ಬಿಗಿದು ಬಾರಿಸಿದ. 'ಧುಂ' ಎಂಬ ಆ ತಗ್ಗಿನ ಪೆಟ್ಟಿಗೆ ಇಡೀ ಬೀದಿ ಹೆಜ್ಜೆ ಹಾಕಿತು. ಆ ವಾದ್ಯಕ್ಕೆ 'ಸುರ್ದೊ' ಎಂದು ಹೆಸರು. ಪೋರ್ಚುಗೀಸ್ ಭಾಷೆಯಲ್ಲಿ ಸುರ್ದೊ ಎಂದರೆ ಕಿವುಡ!

ಬೀದಿಯಲ್ಲಿ ಡೋಲು ಬಾರಿಸುವುದು ಆಗ ಸಲೀಸಾದ ಮಾತಾಗಿರಲಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಪೋರ್ಚುಗೀಸರು ಬ್ರೆಜಿಲ್ಲಿಗೆ ತಂದದ್ದು 'ಎಂತ್ರೂದೊ' ಎಂಬ ಹಬ್ಬ. ಈಸ್ಟರಿನ ಮುಂಚಿನ ನಲವತ್ತು ದಿನಗಳ ವ್ರತ ಶುರುವಾಗುವುದರೊಳಗೆ ಮನಸೋ ಇಚ್ಛೆ ಕುಣಿದು ತಿಂದು ಮುಗಿಸುವ ಹಬ್ಬ. ಒಬ್ಬರ ಮೇಲೊಬ್ಬರು ನೀರು, ಹಿಟ್ಟು ಎರಚುವುದು, ಸುಗಂಧದ ನೀರು ತುಂಬಿದ ಮೇಣದ ನಿಂಬೆಹಣ್ಣುಗಳನ್ನು ಎಸೆಯುವುದು ಇದರ ಮೋಜು. ಅದೇ ಪೋರ್ಚುಗೀಸರು ಗೋವೆಗೂ ಬಂದವರಲ್ಲವೆ? ಅಲ್ಲಿನ ಕೊಂಕಣಿಯಲ್ಲಿ ಕಾರ್ನಿವಲ್ಲಿಗೆ ಇಂದಿಗೂ 'ಇಂತ್ರುಜ್' ಎನ್ನುತ್ತಾರೆ. ಒಂದೇ ಮಾತು, ಎರಡು ಸಮುದ್ರ ದಾಟಿದೆ.

ಆದರೆ ಬ್ರೆಜಿಲ್ಲಿನ ಹಬ್ಬಕ್ಕೆ ತಾಳ ಕೊಟ್ಟವರು ಪೋರ್ಚುಗೀಸರಲ್ಲ. ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ತರಲ್ಪಟ್ಟು ಬ್ರೆಜಿಲ್ಲಿನ ತೀರ ಮುಟ್ಟಿದವರ ಸಂಖ್ಯೆ ಹೆಚ್ಚುಕಡಿಮೆ 48 ಲಕ್ಷ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ತಂದವರು 4 ಲಕ್ಷಕ್ಕೂ ಕಡಿಮೆ ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿದೀತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು. ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ. ಎರಡೇ ವರ್ಷಕ್ಕೆ, ಅಂದರೆ 1890ರಲ್ಲಿ, ಬಂದ ದಂಡಸಂಹಿತೆ ಕೆಲಸವಿಲ್ಲದೆ ತಿರುಗುವುದನ್ನೂ, ಆಫ್ರಿಕದವರ ವಂಶಜರ ಕುಣಿತದಂಥ ಮಲ್ಲವಿದ್ಯೆಯಾದ 'ಕಪೊಯಿರಾ'ವನ್ನೂ ಅಪರಾಧವೆಂದು ಸಾರಿತು. ಬಿಡುಗಡೆಯೇನೋ ಆಯಿತು, ಭೂಮಿ ಸಿಗಲಿಲ್ಲ, ಕೆಲಸ ಸಿಗಲಿಲ್ಲ, ಬೀದಿಯಲ್ಲಿ ನಿಂತರೆ ಪೊಲೀಸರು.

ಜೊವಾವ್ ದ ಬಯಾನ ಎಂಬ ವಾದಕ ಹೇಳಿಕೊಂಡ ಪ್ರಸಂಗವೊಂದಿದೆ. 1908ರಲ್ಲಿ ಪೊಲೀಸರು ಅವನ 'ಪಂದೇರೊ'ವನ್ನು, ಅಂದರೆ ಗೆಜ್ಜೆ ಬಿಲ್ಲೆಗಳಿರುವ ಕೈತಮ್ಮಟೆಯನ್ನು, ಕಿತ್ತುಕೊಂಡರು. ಹಾಗಾಗಿ ಪಿನ್ಯೇರೊ ಮಶಾದೊ ಎಂಬ ಪ್ರಬಲ ಸೆನೆಟರ್ ಮನೆಯ ಸಮಾರಂಭಕ್ಕೆ ಅವನು ಹೋಗಲಾಗಲಿಲ್ಲ. ಕಾರಣ ತಿಳಿದ ಸೆನೆಟರ್ ಹೊಸ ಪಂದೇರೊ ಮಾಡಿಸಿ, ಅದರ ಮೇಲೆ ತನ್ನ ಮೆಚ್ಚುಗೆಯ ಮಾತನ್ನೂ ಹೆಸರನ್ನೂ ಬರೆಸಿಕೊಟ್ಟ. ಮುಂದೆ ಪೊಲೀಸರು ತಡೆದಾಗಲೆಲ್ಲ ಜೊವಾವ್ ಆ ಬರಹ ತೋರಿಸುತ್ತಿದ್ದನಂತೆ. ಓದಿ ನಗು ಬರುತ್ತದೆ. ಸೆನೆಟರ್ ಪರಿಚಯವಿಲ್ಲದ ಉಳಿದ ವಾದಕರ ಗತಿಯೇನು ಎಂದು ಯೋಚಿಸಿದರೆ ನಗು ನಿಲ್ಲುತ್ತದೆ.

ಇಂಥವರಿಗೆಲ್ಲ ಆಸರೆಯಾದದ್ದು ಬಾಹಿಯಾ ಪ್ರಾಂತ್ಯದಿಂದ ರಿಯೊಗೆ ವಲಸೆ ಬಂದ ಹೆಂಗಸರ ಮನೆಗಳು. ಅವರಲ್ಲಿ ಹೆಸರಾದವಳು ಸಿಯಾಟಾ ಚಿಕ್ಕಮ್ಮ (1854–1924). ತಿಂಡಿ ಮಾಡಿ ಬೀದಿಯಲ್ಲಿ ಮಾರುತ್ತಿದ್ದ ಈಕೆಯ ಮನೆಯಲ್ಲಿ ಮುಂದಿನ ಹಜಾರದಲ್ಲಿ ಒಪ್ಪಿತ ಸಂಗೀತ, ಹಿತ್ತಲಲ್ಲಿ ಸಾಂಬಾ. ಅಲ್ಲಿ ಎಲ್ಲರೂ ಸೇರಿ ಕಟ್ಟಿದ 'ಪೆಲೊ ಟೆಲಿಫೋನಿ' ಎಂಬ ಹಾಡನ್ನು ಡೊಂಗಾ ಎಂಬಾತ 1916ರ ನವೆಂಬರಿನಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ತನ್ನ ಹೆಸರಿಗೆ ನೋಂದಾಯಿಸಿದ. 1917ರ ಕಾರ್ನಿವಲ್ಲಿನಲ್ಲಿ ಅದು ಮನೆಮಾತಾಯಿತು. ಹಾಡು ಯಾರದೆಂಬ ಜಗಳವೂ ಜೊತೆಗೇ ಹುಟ್ಟಿತು. ಇಂದಿಗೂ ಪ್ರತಿ ಸಾಂಬಾ ಸ್ಕೂಲಿನ ಮೆರವಣಿಗೆಯಲ್ಲಿ ಅಗಲ ಲಂಗ ತೊಟ್ಟು ಬುಗುರಿಯಂತೆ ಸುತ್ತುವ ವಯಸ್ಸಾದ ಹೆಂಗಸರ ದಂಡೊಂದು ಇರಲೇಬೇಕು. ಅದಿಲ್ಲದೆ ಸ್ಪರ್ಧೆಗೆ ಪ್ರವೇಶವಿಲ್ಲ. ಅದು ಈ ಚಿಕ್ಕಮ್ಮಂದಿರ ನೆನಪು.

ಸ್ಪರ್ಧೆ ಶುರುವಾದದ್ದು 1932ರಲ್ಲಿ, ಒಂದು ಕ್ರೀಡಾಪತ್ರಿಕೆಯಿಂದ. ಫುಟ್‌ಬಾಲ್ ಪಂದ್ಯಗಳಿಲ್ಲದ ದಿನಗಳಲ್ಲಿ ಪುಟ ತುಂಬಿಸಬೇಕಿತ್ತು ನೋಡಿ. ಮೊದಲ ಬಹುಮಾನ ಮಂಗೇರಾ ಎಂಬ ಸ್ಕೂಲಿಗೆ. 1935ರಲ್ಲಿ ನಗರಾಡಳಿತದ ಮನ್ನಣೆಯೂ ದೊರೆಯಿತು. ಅಂದರೆ ಕೈತಮ್ಮಟೆ ಕಿತ್ತುಕೊಂಡ ಕಾಲಕ್ಕೂ ಅದಕ್ಕೆ ಬಹುಮಾನ ಕೊಟ್ಟ ಕಾಲಕ್ಕೂ ಮೂವತ್ತು ವರ್ಷಗಳ ಅಂತರವಿಲ್ಲ.

1984ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನೀಮೇಯರ್ ಈ ಮೆರವಣಿಗೆಗೆಂದೇ 'ಸಾಂಬಾಡ್ರೋಮ್' ಎಂಬ ಬೀದಿಯನ್ನು ರೂಪಿಸಿದ. ಸುಮಾರು 700 ಮೀಟರ್ ಉದ್ದ, ಎರಡೂ ಬದಿಗೆ ಎತ್ತರದ ಮೆಟ್ಟಿಲುಗಳು. ಹಬ್ಬ ಕೆಲವೇ ದಿನ, ಉಳಿದ ದಿನಗಳಲ್ಲಿ ಅಷ್ಟು ದೊಡ್ಡ ಕಟ್ಟಡ ಖಾಲಿ ಬೀಳಬಾರದೆಂದು ಮೆಟ್ಟಿಲುಗಳ ಕೆಳಗೆ ಮಕ್ಕಳ ಶಾಲೆಗೆಂದು ತರಗತಿ ಕೊಠಡಿಗಳನ್ನು ಕಟ್ಟಿಸಿದ್ದರು. ಮೇಷ್ಟ್ರಾದ ನನಗೆ ಇಡೀ ಯೋಜನೆಯಲ್ಲಿ ಹಿಡಿಸಿದ್ದು ಇದೊಂದೇ.

ಈಗ ನಮ್ಮ ಹುಡುಗರಿಗೊಂದು ಲೆಕ್ಕ. 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಬೀದಿಯ ಒಂದು ತುದಿಯ ಡೋಲಿನ ಪೆಟ್ಟು ಇನ್ನೊಂದು ತುದಿಗೆ ಕೇಳಲು 2 ಸೆಕೆಂಡು ಬೇಕು. ಮೆರವಣಿಗೆಯ ಸಾಂಬಾ ನಿಮಿಷಕ್ಕೆ 140 ಪೆಟ್ಟಿನಷ್ಟು ವೇಗವಾಗಿದ್ದರೆ ಅಷ್ಟರಲ್ಲಿ ನಾಲ್ಕಕ್ಕಿಂತ ಹೆಚ್ಚು ಪೆಟ್ಟುಗಳು ಬಿದ್ದುಹೋಗಿರುತ್ತವೆ! ಮುಂದಿನವರು ಒಂದು ಸಾಲು ಹಾಡುತ್ತಿರುವಾಗ ಹಿಂದಿನವರಿಗೆ ಅದರ ಹಿಂದಿನ ಸಾಲಿನ ತಾಳ. ಈ ಎಡವಟ್ಟಿಗೆ ಅಲ್ಲಿ 'ಸಾಂಬಾ ಅಡ್ಡಹಾಯಿತು' ಎಂಬ ಅರ್ಥದ ನುಡಿಗಟ್ಟೇ ಇದೆ. ಹಾಗೆ ಅಡ್ಡಹಾಯ್ದರೆ ಅಂಕ ಹೋಯಿತು. ಅಲ್ಲಿ ಹತ್ತನೇ ಒಂದಂಶ ಅಂಕಕ್ಕೂ ಬೆಲೆಯಿದೆ. ಅಂಥ ಒಂದಂಶದಲ್ಲಿ ಪ್ರಶಸ್ತಿ ಕೈತಪ್ಪಿ ಇಡೀ ಬಡಾವಣೆ ಅತ್ತದ್ದುಂಟು.

ಇದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. 250–300 ಮಂದಿ ಡೋಲುಗಾರರ ತಂಡವನ್ನು ತೀರ ಮುಂದೆಯೂ ತೀರ ಹಿಂದೆಯೂ ಇಡುವುದಿಲ್ಲ. ಅದು ಬೀದಿಯ ಬದಿಗಿರುವ ಒಂದು ಗೂಡಿನೊಳಗೆ ಸರಿದು ನಿಂತು ಬಾರಿಸುತ್ತಲೇ ಇರುತ್ತದೆ, ಉಳಿದ ಮೆರವಣಿಗೆ ಅದರ ಮುಂದೆ ಹಾದುಹೋಗುತ್ತದೆ, ಕೊನೆಗೆ ತಂಡ ಹೊರಬಂದು ಸೇರಿಕೊಳ್ಳುತ್ತದೆ. ಮುನ್ನೂರು ಜನರ ನಾಯಕ ಕೈಸನ್ನೆಯಿಂದ ಆಳುತ್ತಾನೆ, ಏಕೆಂದರೆ ಬೆಳಕಿಗೆ ತಡವಿಲ್ಲ. ಇವರ ಪಾಠವೆಲ್ಲ ಕಿವಿಯಿಂದ ಕಿವಿಗೆ. ಮೊದಲ ಸುರ್ದೊ ಕೇಳುತ್ತದೆ, ಎರಡನೆಯದು ಉತ್ತರಿಸುತ್ತದೆ, ಮೂರನೆಯದು ನಡುವೆ ಮೂಗು ತೂರಿಸುತ್ತದೆ. ಮಂಗೇರಾದಲ್ಲಿ ಮಾತ್ರ ಉತ್ತರಿಸುವ ಸುರ್ದೊ ಇಲ್ಲ, ಅದು ಆ ಸ್ಕೂಲಿನ ಸಂಪ್ರದಾಯ. ಪಳಗಿದ ಕಿವಿಯವರು ಕಣ್ಣುಮುಚ್ಚಿಕೊಂಡೇ 'ಇದು ಮಂಗೇರಾ' ಎನ್ನುತ್ತಾರೆ.

ಪ್ರತಿ ವರ್ಷ ಪ್ರತಿ ಸ್ಕೂಲೂ ಒಂದು ಕಥಾವಸ್ತು ಆರಿಸಿ ಅದರ ಮೇಲೆ ಹೊಸ ಹಾಡು ಕಟ್ಟಬೇಕು. 1960ರಲ್ಲಿ ಸಲ್ಗೇರೊ ಎಂಬ ಸ್ಕೂಲು ಆರಿಸಿದ್ದು ಪಾಲ್ಮಾರೆಸ್ ಕಥೆಯನ್ನು. ಓಡಿಹೋದ ಗುಲಾಮರು ಕಾಡಿನಲ್ಲಿ ಕಟ್ಟಿಕೊಂಡಿದ್ದ ಸ್ವತಂತ್ರ ನೆಲೆ ಅದು. ಅದರ ನಾಯಕ ಜುಂಬಿಯನ್ನು 1695ರಲ್ಲಿ ಕೊಂದರು. ಪಠ್ಯಪುಸ್ತಕಗಳು ಇವನ ಬಗ್ಗೆ ಹೆಚ್ಚೇನೂ ಹೇಳದಿದ್ದ ಕಾಲದಲ್ಲಿ ಬೀದಿಯ ಹಾಡು ಹೇಳಿತು. ಅವನು ಸತ್ತ ನವೆಂಬರ್ 20 ಈಗ ಇಡೀ ದೇಶಕ್ಕೆ ರಜಾದಿನ, 2024ರಿಂದ. 2019ರಲ್ಲಿ ಮಂಗೇರಾ ಗೆದ್ದದ್ದೂ ಇತಿಹಾಸದ ಪುಸ್ತಕಗಳು ಕೈಬಿಟ್ಟವರ ಕಥೆಯನ್ನು ಹಾಡಿಯೇ. ಇಷ್ಟೆಲ್ಲ ಹೇಳಿ ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ದಶಕಗಳ ಕಾಲ ಈ ಸ್ಕೂಲುಗಳಿಗೆ ಹಣ ಸುರಿದವರು 'ಪ್ರಾಣಿ ಆಟ' ಎಂಬ ಕಾನೂನುಬಾಹಿರ ಮಟ್ಕಾದ ಧಣಿಗಳು. 1993ರಲ್ಲಿ ಅವರಲ್ಲಿ ಹದಿನಾಲ್ಕು ಮಂದಿಗೆ ರಿಯೊ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು.

ಟಿ.ವಿ. ನಮಗೆ ತೋರಿಸುವುದು ರಿಯೊ ಮಾತ್ರ. ಈಶಾನ್ಯದ ರೆಸಿಫೆ ನಗರದವರ ಮುಂದೆ ಸಾಂಬಾವೇ ಕಾರ್ನಿವಲ್ ಎಂದರೆ ಜಗಳಕ್ಕೆ ಬಂದಾರು. ಅಲ್ಲಿನದು 'ಫ್ರೆವೊ'. ಕುದಿಯುವುದು ಎಂಬರ್ಥದ ಪೋರ್ಚುಗೀಸ್ ಮಾತು ಜನರ ಬಾಯಲ್ಲಿ ತಿರುಚಿ ಆದ ಹೆಸರು. ಪತ್ರಿಕೆಯಲ್ಲಿ ಅದು ಅಚ್ಚಾದದ್ದು 1907ರ ಫೆಬ್ರವರಿ 9ರಂದು. ಹಾಡಲ್ಲ, ಹಿತ್ತಾಳೆ ವಾದ್ಯಗಳ ಅಬ್ಬರ. ಸೈನ್ಯದ ಬ್ಯಾಂಡುಗಳು ಪರಸ್ಪರ ಪೈಪೋಟಿಯಲ್ಲಿ ಬೀದಿಗಿಳಿದಾಗ ಅವುಗಳ ಮುಂದೆ ಕಾವಲಾಗಿ ಕಪೊಯಿರಾ ಪಟುಗಳು ದೊಣ್ಣೆ ಹಿಡಿದು ಕುಣಿಯುತ್ತಿದ್ದರು. ಕಪೊಯಿರಾ ಅಪರಾಧವಾಯಿತಲ್ಲ, ಮಲ್ಲಪಟ್ಟುಗಳು ನೃತ್ಯದ ಹೆಜ್ಜೆಗಳಾದವು, ದೊಣ್ಣೆಯ ಜಾಗಕ್ಕೆ ಕೊಡೆ ಬಂತು. ಕೊಡೆ ಹಿಡಿದವನನ್ನು ಯಾವ ಪೊಲೀಸ್ ಹಿಡಿದಾನು? ಇಂದು ಫ್ರೆವೊ ಎಂದರೆ ಬಣ್ಣಬಣ್ಣದ ಪುಟ್ಟ ಕೊಡೆ. ಹೆಜ್ಜೆಗಳ ಹೆಸರು ಕೇಳಿ: ಕತ್ತರಿ, ತಿರುಪು ಮೊಳೆ, ಬಾಗಿಲ ತಿರುಗಣಿ, ಅಗುಳಿ. ಹಳೆಯ ಫ್ರೆವೊ ಸಂಘಗಳ ಹೆಸರೋ, ಪುಟ್ಟ ಪೊರಕೆಗಳು, ಸನಿಕೆಗಳು, ಕಟ್ಟಿಗೆ ಕಡಿಯುವವರು. ಯಾರ ಹಬ್ಬವಿದು ಎಂದು ಬೇರೆ ಹೇಳಬೇಕಾಗಿಲ್ಲ. 2012ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಊರಿನಲ್ಲಿ 'ಮರಕಾತು' ಇದೆ. ಗುಲಾಮರು ಚರ್ಚಿನ ಅನುಮತಿಯಿಂದ ತಮ್ಮಲ್ಲೇ ಒಬ್ಬನನ್ನು 'ಕಾಂಗೊ ರಾಜ' ಎಂದು ಪಟ್ಟ ಕಟ್ಟುತ್ತಿದ್ದ ಸಮಾರಂಭದ ಮುಂದುವರಿಕೆ ಅದು. ರಾಜ, ರಾಣಿ, ಕೈಯಲ್ಲೊಂದು ಪವಿತ್ರ ಬೊಂಬೆ, ಹಿಂದೆ ಗುಡುಗಿನಂಥ ಡೋಲುಗಳು. ಹಳ್ಳಿಗಾಡಿನ ಮರಕಾತು ಬೇರೆಯೇ ಬಗೆ. ಕಬ್ಬಿನ ಗದ್ದೆಯ ಕೂಲಿಗಳು ಮಿನುಗುವ ಭಾರಿ ನಿಲುವಂಗಿ ತೊಟ್ಟು, ಬೆನ್ನಿಗೆ ದನದ ಗಂಟೆಗಳನ್ನು ಕಟ್ಟಿಕೊಂಡು, ರಿಬ್ಬನ್ ಸುತ್ತಿದ ಈಟಿ ಹಿಡಿದು, ಬಾಯಲ್ಲೊಂದು ಹೂ ಕಚ್ಚಿ ಬಿಸಿಲಲ್ಲಿ ಓಡುತ್ತಾರೆ. ಬೇರೆ ದಿನಗಳಲ್ಲಿ ಯಾರೂ ತಿರುಗಿ ನೋಡದ ಆ ಕೂಲಿ ಅಂದು ದಾರಿ ಬಿಡಿಸಿಕೊಂಡು ಹೋಗುವ ವೀರ.

ಇನ್ನು ಬಾಹಿಯಾ ಪ್ರಾಂತ್ಯದ ಸಾಲ್ವಡಾರ್. 1763ರವರೆಗೆ ಬ್ರೆಜಿಲ್ಲಿನ ರಾಜಧಾನಿಯಾಗಿದ್ದ ಬಂದರು. ಇಲ್ಲಿ ಕಾರ್ನಿವಲ್ ಎಂದರೆ ಲಾರಿಯ ಮೇಲೆ ವಾದ್ಯಗೋಷ್ಠಿ, ಹಿಂದೆ ಜನಸಾಗರ. 1950ರಲ್ಲಿ ಡೊಡೊ ಮತ್ತು ಓಸ್ಮಾರ್ ಎಂಬಿಬ್ಬರು 1929ರ ಹಳೆ ಫೋರ್ಡ್ ಕಾರಿಗೆ ಧ್ವನಿವರ್ಧಕ ಕಟ್ಟಿ ಶುರುಮಾಡಿದ್ದು. ಡೊಡೊಗೆ ರೇಡಿಯೊ ರಿಪೇರಿ ಗೊತ್ತು, ಓಸ್ಮಾರನದು ಲೋಹದ ಕಾರ್ಯಾಗಾರ. ಪೊಳ್ಳು ಹೊಟ್ಟೆಯ ಗಿಟಾರಿಗೆ ವಿದ್ಯುತ್ ಜೋಡಿಸಿದರೆ ಧ್ವನಿವರ್ಧಕದ ಸದ್ದು ಮತ್ತೆ ಗಿಟಾರಿನ ಹೊಟ್ಟೆ ಸೇರಿ 'ಕುಂಯ್' ಎಂದು ಕಿರುಚುವ ಕಾಟ. ಶಾಲೆಯ ವಾರ್ಷಿಕೋತ್ಸವದ ಮೈಕಿನಲ್ಲಿ ನಾವೂ ಅನುಭವಿಸುವುದು ಇದನ್ನೇ. ಅವರು ಹೊಟ್ಟೆಯನ್ನೇ ತೆಗೆದು ಗಟ್ಟಿ ಮರದ ತುಂಡಿಗೆ ತಂತಿ ಬಿಗಿದರು, ಕಿರುಚಾಟ ನಿಂತಿತು.

ಅದಕ್ಕೆ ಒಂದು ವರ್ಷ ಮುಂಚೆ, 1949ರಲ್ಲಿ, ಇದೇ ಸಾಲ್ವಡಾರ್ ಬಂದರಿನ ಹಮಾಲರು ಕಾರ್ನಿವಲ್ಲಿಗೆ ತಂಡ ಕಟ್ಟಿದರು. ಕೈಯಲ್ಲಿ ಕಾಸಿಲ್ಲ, ಸಂಘದ ಮೇಲೆ ಸರ್ಕಾರದ ಕಣ್ಣು. ಹಿಂದಿನ ವರ್ಷವಷ್ಟೇ ನಮ್ಮ ಗಾಂಧೀಜಿಯ ಹತ್ಯೆಯಾಗಿತ್ತು, ಆ ಸುದ್ದಿ ಅಷ್ಟು ದೂರದ ಬಂದರನ್ನೂ ಕಲಕಿತ್ತು. ಬಿಳಿ ಹಾಸಿಗೆ ಹೊದಿಕೆಗಳನ್ನೇ ಮೈಗೆ ಸುತ್ತಿ, ಟವೆಲುಗಳನ್ನು ರುಮಾಲು ಮಾಡಿಕೊಂಡು ಹೊರಟ ಆ ತಂಡಕ್ಕೆ ಅವರಿಟ್ಟ ಹೆಸರು 'ಫಿಲ್ಯೋಸ್ ಡಿ ಗಾಂಧಿ', ಗಾಂಧಿಯ ಮಕ್ಕಳು! ತಾಳ ಮಾತ್ರ ಆಫ್ರಿಕದ ಯೊರುಬಾ ದೇವತೆಗಳದು, ಅವರ ದೇವಾಲಯಗಳ 'ಇಜೆಶಾ'. 1970ರ ದಶಕದ ಹೊತ್ತಿಗೆ ತಂಡ ಸೊರಗಿತ್ತು. ದೇಶಭ್ರಷ್ಟನಾಗಿದ್ದು 1972ರಲ್ಲಿ ಮರಳಿದ ಗಾಯಕ ಜಿಲ್ಬೆರ್ತೊ ಜಿಲ್ ಮುಂದೆ ತಾನೇ ಅದರೊಂದಿಗೆ ಬೀದಿಗಿಳಿದು ಜೀವ ತುಂಬಿದ. ಅದೇ ಜಿಲ್ 2003ರಿಂದ 2008ರವರೆಗೆ ಬ್ರೆಜಿಲ್ಲಿನ ಸಂಸ್ಕೃತಿ ಸಚಿವ. ಈಗ ಸಾವಿರಾರು ಗಂಡಸರು ಬಿಳಿ ಉಡುಪು, ಬಿಳಿ ರುಮಾಲು, ನೀಲಿ–ಬಿಳಿ ಮಣಿಸರ ತೊಟ್ಟು ಜನರ ಮೇಲೆ ಲ್ಯಾವೆಂಡರ್ ಪರಿಮಳ ಸಿಂಪಡಿಸುತ್ತ ಸಾಗುವಾಗ ಗದ್ದಲದ ನಡುವೆ ಒಂದು ಬಿಳಿ ಹೊಳೆ ಹರಿದಂತಿರುತ್ತದೆ.

1974ರಲ್ಲಿ ಇಲ್ಲಿಯೇ 'ಇಲೆ ಐಯೆ' ಎಂಬ ಕಪ್ಪು ಜನರದೇ ತಂಡ ಹುಟ್ಟಿತು. ಸಾಲ್ವಡಾರಿನ ಬಹುಪಾಲು ಜನ ಆಫ್ರಿಕದ ಮೂಲದವರಾದರೂ ಶ್ರೀಮಂತರ ಕಾರ್ನಿವಲ್ ತಂಡಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಇವರು ತಮ್ಮದೇ ತಂಡ ಕಟ್ಟಿಕೊಂಡಾಗ ಪತ್ರಿಕೆಯೊಂದು ಇವರನ್ನೇ ಜನಾಂಗದ್ವೇಷಿಗಳೆಂದು ಬೈಯಿತು. ತಂಡ ನಿಲ್ಲಲಿಲ್ಲ, 1988ರಲ್ಲಿ ತನ್ನ ಬಡಾವಣೆಯ ಮಕ್ಕಳಿಗೆ ನಿಜವಾದ ಶಾಲೆಯನ್ನೂ ತೆರೆಯಿತು. (ಹಿಂದಿನ ಬೆಂಚಿನ ಹುಡುಗ ಗಮನಿಸಬೇಕು, ಅಲ್ಲಿ ಹೋಂವರ್ಕ್ ಇದ್ದೇ ಇರುತ್ತದೆ.) 1979ರಲ್ಲಿ ಹುಟ್ಟಿದ ಇನ್ನೊಂದು ತಂಡ 'ಒಲೊಡುಂ' ಹಲವರಿಗೆ ಗೊತ್ತು, 1996ರಲ್ಲಿ ಮೈಕೆಲ್ ಜಾಕ್ಸನ್ ತನ್ನ ವಿಡಿಯೊ ಒಂದಕ್ಕೆ ಕುಣಿದದ್ದು ಅದರ ಡೋಲುಗಳ ನಡುವೆ. ಆದರೂ ಸಾಲ್ವಡಾರಿನ ಲಾರಿಗಳ ಸುತ್ತ ಹಗ್ಗ ಹಿಡಿದಿರುತ್ತಾರೆ. ದುಡ್ಡು ಕೊಟ್ಟು ಅಂಗಿ ಕೊಂಡವರು ಹಗ್ಗದ ಒಳಗೆ, ಉಳಿದವರು ಹೊರಗೆ. ಹೊರಗಿನ ಜನಕ್ಕೆ ಅಲ್ಲಿನ ಹೆಸರು 'ಪಾಪ್‌ಕಾರ್ನ್'. ಹಗ್ಗ ಹಿಡಿಯುವ ಕೂಲಿಯವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಹಬ್ಬಕ್ಕೆ ಹಗ್ಗ ಕಟ್ಟುವುದು ನನಗಂತೂ ಸರಿಕಾಣದು.

ಕಾರ್ನಿವಲ್ ಮುಗಿದರೆ ಬ್ರೆಜಿಲ್ಲಿನ ಹಬ್ಬ ಮುಗಿಯಲಿಲ್ಲ. ಜೂನ್ 24 ಸಂತ ಜಾನನ ಹಬ್ಬ. ಯುರೋಪಿನಲ್ಲಿ ಅದು ವರ್ಷದ ಅತಿ ದೀರ್ಘ ಹಗಲಿನ ಆಸುಪಾಸಿಗೆ ಬೆಂಕಿ ಹಾಕಿ ಕುಣಿಯುವ ಹಬ್ಬ. ಭೂಮಧ್ಯರೇಖೆಯ ದಕ್ಷಿಣಕ್ಕೆ ಅದೇ ತಾರೀಖು ಅತಿ ಚಿಕ್ಕ ಹಗಲಿನ ಆಸುಪಾಸು! ತಾರೀಖು ಬದಲಾಗಲಿಲ್ಲ, ಋತು ತಲೆಕೆಳಗಾಯಿತು, ಬೆಂಕಿಗೆ ಹೊಸ ಅರ್ಥ ಬಂತು. ಜೋಳದ ಸುಗ್ಗಿಯ ಈ ಹಬ್ಬಕ್ಕೆ ಅಕಾರ್ಡಿಯನ್, ಡೋಲು, ಕಬ್ಬಿಣದ ತ್ರಿಕೋನ ಸೇರಿದ 'ಫೊರೊ' ಸಂಗೀತ. ಇದನ್ನು ಬರಗಾಲದ ಹಳ್ಳಿಗಳಿಂದ ಇಡೀ ದೇಶದ ರೇಡಿಯೊಗೆ ತಲಪಿಸಿದವನು ಲೂಯಿಜ್ ಗೊನ್ಜಾಗ (1912–1989). ಜೋಡಿನೃತ್ಯದಲ್ಲಿ ಹಳ್ಳಿಯ ಯಜಮಾನ 'ಅನಾಹಿಯೆ' ಎಂದು ಕೂಗಿದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಅದು ಫ್ರೆಂಚ್ ಅರಮನೆಯ ನೃತ್ಯದ 'ಆನ್ ಆರಿಯೇರ್' ಎಂಬ ಆಜ್ಞೆ, ಹಳ್ಳಿಯ ಬಾಯಲ್ಲಿ ಸವೆದದ್ದು.

ಉತ್ತರದ ಮರನ್ಯಾವ್‌ನಲ್ಲಿ ಜೂನ್ ಎಂದರೆ ಸತ್ತು ಬದುಕುವ ಎತ್ತಿನ ಆಟ. ಅಮೆಜಾನ್ ನದಿಯ ನಡುಗಡ್ಡೆಯಲ್ಲಿರುವ ಪಾರಿಂಟಿನ್ಸ್ ಊರಿನಲ್ಲಿ ಆ ಎತ್ತು ಎರಡಾಗಿದೆ. ಒಂದು ಕೆಂಪು ಪಕ್ಷ, ಒಂದು ನೀಲಿ ಪಕ್ಷ, ಊರೇ ಎರಡು ಭಾಗ. ಎಲ್ಲೆಡೆ ಕೆಂಪಾಗಿರುವ ಕೋಕಾ ಕೋಲಾ ಫಲಕ ಅಲ್ಲಿ ನೀಲಿಯಾಗಿಯೂ ಕಾಣುತ್ತದೆ. ಒಂದು ಪಕ್ಷ ಕುಣಿಯುವಾಗ ಇನ್ನೊಂದರ ಅಭಿಮಾನಿಗಳು ತುಟಿಪಿಟಕ್ಕೆನ್ನುವಂತಿಲ್ಲ, ಎಂದರೆ ತಮ್ಮ ಪಕ್ಷಕ್ಕೇ ನಷ್ಟ. ನನ್ನ ತರಗತಿಗೂ ಈ ನಿಯಮ ತರುವ ಆಸೆಯಿದೆ.

ಕೊನೆಗೊಂದು ಪ್ರಯೋಗ. ಸಾಂಬಾದಲ್ಲಿ ನಡುನಡುವೆ ಮಂಗ ಅತ್ತಂತೆ ಕೇಳಿಸುವುದು 'ಕುಯಿಕಾ' ಎಂಬ ಡೋಲು. ಅದನ್ನು ಬಡಿಯುವುದಿಲ್ಲ. ಚರ್ಮದ ನಡುವಿಗೆ ಒಳಗಿನಿಂದ ತೆಳ್ಳನೆಯ ಕಡ್ಡಿ ಕಟ್ಟಿ, ಒದ್ದೆ ಬಟ್ಟೆಯಿಂದ ಉಜ್ಜುತ್ತಾರೆ. ಬಟ್ಟೆ ಕಡ್ಡಿಯನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾಗಿ ಚರ್ಮ ಕಂಪಿಸುತ್ತದೆ. ಪಿಟೀಲಿನ ಕಮಾನಿನ ತತ್ವವೂ ಇದೇ. ಮನೆಯಲ್ಲಿ ಖಾಲಿ ತಗಡಿನ ಡಬ್ಬಿಯಿದ್ದರೆ ದೊಡ್ಡವರ ನೆರವಿನಿಂದ ಅದರ ತಳಕ್ಕೊಂದು ತೂತು ಕೊರೆಯಿರಿ. ಅರ್ಧ ಮೀಟರ್ ಗಟ್ಟಿ ಹುರಿ ತೂರಿಸಿ, ಜಾರದಂತೆ ಡಬ್ಬಿಯ ಒಳಗೆ ಗಂಟು ಹಾಕಿ. ಹೊರಗಿನ ಹುರಿಯನ್ನು ಒದ್ದೆ ಬಟ್ಟೆಯಲ್ಲಿ ಬಿಗಿಹಿಡಿದು ಜಗ್ಗಿ ಜಗ್ಗಿ ಎಳೆಯಿರಿ. ದೊಡ್ಡ ಡಬ್ಬಿಯಾದರೆ ಹುಲಿ ಗುರುಗುಟ್ಟೀತು, ಚಿಕ್ಕದಾದರೆ ಕೋಳಿ ಕೂಗೀತು. ಪಕ್ಕದ ಮನೆಯವರು ಡಬ್ಬಿ ಕಿತ್ತುಕೊಳ್ಳಲು ಬಂದರೆ ತೋರಿಸುವುದಕ್ಕೆ ಅದರ ಮೇಲೆ ಯಾರಾದರೂ ದೊಡ್ಡ ಮನುಷ್ಯರ ರುಜು ಹಾಕಿಸಿಟ್ಟುಕೊಂಡಿರಿ.